ಹಸಿವು ಸತ್ತ ಮೇಲಿನ ಊಟ

“ಹಸಿವೇ ಸತ್ತುಹೋಯ್ತು, ಇನ್ನು ಯಾವಾಗ ಉಂಡರೂ ಒಂದೇ” ಎಂದು ನನ್ನ ಅಮ್ಮ ಹೇಳುತ್ತಿದ್ದ ಮಾತು ಬಾಲ್ಯದಲ್ಲಿ ನನ್ನ ಕಿವಿಗೆ ಎಷ್ಟು ಸಲ ಬಿದ್ದಿದೆಯೋ ಲೆಕ್ಕವಿಲ್ಲ. ತೀರ್ಥಹಳ್ಳಿಯ ಹತ್ತಿರದ ನಮ್ಮ ಮನೆಯಲ್ಲಿ ಅಡಿಕೆ ಕೊಯ್ಲು ಶುರುವಾಯಿತೆಂದರೆ ಬೆಳಗಿನ ಐದು ಗಂಟೆಗೆ ಹೊತ್ತಿಸಿದ ಒಲೆ ರಾತ್ರಿ ಹತ್ತರ ತನಕ ಆರುತ್ತಿರಲಿಲ್ಲ. ಮಧ್ಯಾಹ್ನ ಮೊದಲು ಅಡಿಕೆಯ ಗೊನೆ ತೆಗೆಯುವವರಿಗೆ ಮತ್ತು ಅಡಿಕೆ ಸುಲಿಯುವವರಿಗೆ ಬಡಿಸಬೇಕು, ಅನಂತರ ಮನೆಯ ಗಂಡಸರಿಗೆ ಮತ್ತು ಮಕ್ಕಳಿಗೆ, ಆಮೇಲೆ ಅಜ್ಜಿಗೆ. ಇಷ್ಟೆಲ್ಲ ಮುಗಿದು, ಪಾತ್ರೆಗಳನ್ನು ಬಚ್ಚಲ ಬದಿಗೆ ಒಯ್ದಿಟ್ಟು ಅಮ್ಮ ತಟ್ಟೆಯ ಮುಂದೆ ಕುಳಿತುಕೊಳ್ಳುವಾಗ ಗಡಿಯಾರ ಮೂರೂವರೆ ದಾಟಿರುತ್ತಿತ್ತು. ಒಂದು ಗಂಟೆಯಿಂದ ಎರಡೂವರೆಯವರೆಗೆ ಅವಳ ಹತ್ತಿರ ಏನನ್ನೂ ಕೇಳಬಾರದೆಂಬುದು ಮಕ್ಕಳಾದ ನಮಗೆ ಯಾರೂ ಹೇಳಿಕೊಡದೆಯೇ ಗೊತ್ತಿತ್ತು. ಮನೆಯವರು “ಅವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು” ಎನ್ನುತ್ತಿದ್ದರು, ಅಮ್ಮನೂ ಅದನ್ನು ತನ್ನ ಸ್ವಭಾವವೆಂದೇ ಒಪ್ಪಿಕೊಂಡಿದ್ದಳು. ಮೂರೂವರೆಗೆ ಉಣ್ಣುವಾಗ ಅವಳಲ್ಲಿ ಸಿಟ್ಟೂ ಉಳಿದಿರುತ್ತಿರಲಿಲ್ಲ, ಹಸಿವೂ ಉಳಿದಿರುತ್ತಿರಲಿಲ್ಲ. ಮಾತು ಬೇಡವೆನ್ನುವಂಥ ಒಂದು ಮಂಕು ಮಾತ್ರ ಇರುತ್ತಿತ್ತು.

ನಾನು ಶಿವಮೊಗ್ಗದ ಒಂದು ಪದವಿ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಪಾಠ ಮಾಡತೊಡಗಿ 18 ವರ್ಷಗಳಾದವು. ಹಾರ್ಮೋನುಗಳ ಅಧ್ಯಾಯಕ್ಕೆ ಬಂದಾಗಲೆಲ್ಲ ಕಪ್ಪುಹಲಗೆಯ ಮೇಲೆ ಒಂದು ರೇಖಾಚಿತ್ರ ಬರೆಯುತ್ತೇನೆ: ಅಡ್ಡಗೆರೆಯಲ್ಲಿ ದಿನದ ಗಂಟೆಗಳು, ಉದ್ದಗೆರೆಯಲ್ಲಿ ರಕ್ತದಲ್ಲಿರುವ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನಿನ ಪ್ರಮಾಣ. ಪ್ರತಿ ಊಟಕ್ಕೆ ಮುಂಚೆ ಆ ಗೆರೆ ಗುಡ್ಡದಂತೆ ಏರುತ್ತದೆ, ಉಂಡ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಒಂದು ದಿನ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು “ಮೇಡಂ, ಉಣ್ಣದೇ ಇದ್ದರೆ ಅದು ಏರುತ್ತಲೇ ಹೋಗುತ್ತದೆಯೇ?” ಎಂದು ಕೇಳಿದಳು. ಇಲ್ಲ, ಏರುತ್ತಲೇ ಹೋಗುವುದಿಲ್ಲ. ಉಪವಾಸವಿರುವವರ ರಕ್ತವನ್ನು ಗಂಟೆಗಂಟೆಗೂ ಪರೀಕ್ಷಿಸಿದಾಗ ಕಂಡದ್ದೇನೆಂದರೆ, ಅವರು ದಿನವೂ ಉಣ್ಣುವ ಹೊತ್ತಿಗೆ ಸರಿಯಾಗಿ ಗ್ರೆಲಿನ್ ಏರುತ್ತದೆ ಮತ್ತು ತುತ್ತು ಅನ್ನ ಬೀಳದಿದ್ದರೂ ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಇಳಿದುಬಿಡುತ್ತದೆ. ಉತ್ತರ ಕೊಡುತ್ತಿದ್ದಂತೆಯೇ ನನಗೆ ಅಮ್ಮನ ಮಾತು ನೆನಪಾಯಿತು. ಹಸಿವು ಸತ್ತುಹೋಯಿತೆಂದು ಅವಳು ಹೇಳುತ್ತಿದ್ದುದು ಬರಿಯ ಮಾತಿನ ವರಸೆಯಾಗಿರಲಿಲ್ಲ. ತನ್ನ ರಕ್ತದಲ್ಲಿ ನಡೆಯುತ್ತಿದ್ದುದನ್ನೇ ಅವಳು ಕಂಡಂತೆ ಹೇಳುತ್ತಿದ್ದಳು. ಈ ಬರಹಕ್ಕೆ ಕಾರಣವಾದದ್ದು ಆ ದಿನ.

ಗ್ರೆಲಿನ್ ನಮಗೆ ಗೊತ್ತಾಗಿ ಇನ್ನೂ ಹೆಚ್ಚು ಕಾಲವಾಗಿಲ್ಲ. 1999ರಲ್ಲಿ ಜಪಾನಿನ ಒಸಾಕಾದಲ್ಲಿ ಮಸಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಹಾಗೂ ಅವರ ಸಂಗಡಿಗರು ಬೆಳವಣಿಗೆಯ ಹಾರ್ಮೋನನ್ನು ಹೊರಡಿಸುವ ಒಂದು ಅಣುವನ್ನು ಹುಡುಕುತ್ತಿದ್ದರು. ಆ ಅಣು ಹೋಗಿ ಕೂರುವ ಗ್ರಾಹಕ ಮಿದುಳಿನಲ್ಲಿತ್ತು, ಆದರೆ ಅಣು ಸಿಕ್ಕಿದ್ದು ಜಠರದಲ್ಲಿ. 28 ಅಮೈನೊ ಆಮ್ಲಗಳ ಈ ಪುಟ್ಟ ಸರಪಳಿಗೆ ಒಂದು ಕೊಬ್ಬಿನಾಮ್ಲದ ತುಣುಕು ಅಂಟಿಕೊಂಡಾಗ ಮಾತ್ರ ಅದು ಹಸಿವಿನ ಕೆಲಸ ಮಾಡುತ್ತದೆ. ಹೊಟ್ಟೆ ಮಿದುಳಿಗೆ ಕಳಿಸುವ ಈ ಕರೆ ತಲುಪುವುದು ಮುಖ್ಯವಾಗಿ ಹೈಪೊಥಲಾಮಸ್ ಎಂಬ ಭಾಗಕ್ಕೆ. ಆದರೆ ಇದೇ ಗ್ರಾಹಕಗಳು ನೆನಪು, ಸುಖ, ಭಯಗಳಿಗೆ ಸಂಬಂಧಿಸಿದ ಭಾಗಗಳಲ್ಲಿಯೂ ಇವೆ. ಹಸಿವಿನ ಸುದ್ದಿ ಬಂದಾಗ ಹೊಟ್ಟೆಯ ವಿಚಾರ ನೋಡಿಕೊಳ್ಳುವ ಭಾಗವೊಂದೇ ಎಚ್ಚರಗೊಳ್ಳುವುದಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಹೈಪೊಥಲಾಮಸ್‌ನಲ್ಲಿ ಹಸಿವನ್ನು ಎಬ್ಬಿಸುವ ನರಕೋಶಗಳ ಒಂದು ಚಿಕ್ಕ ಗುಂಪಿದೆ. 2015ರಲ್ಲಿ ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇಲಿಗಳಲ್ಲಿ ಈ ಕೋಶಗಳನ್ನು ಮಾತ್ರ ಬೆಳಕಿನ ಮೂಲಕ ಎಬ್ಬಿಸಿ ನೋಡಿದರು. ಈ ಕೋಶಗಳು ಎಚ್ಚರವಾಗಿದ್ದಾಗ ತಾವು ಇದ್ದ ಜಾಗವನ್ನು, ತಾವು ಸವಿದಿದ್ದ ರುಚಿಯನ್ನು ಇಲಿಗಳು ಆಮೇಲೆ ದೂರವಿಡತೊಡಗಿದವು, ಅಂದರೆ ಆ ಸ್ಥಿತಿಯೇ ಅವುಗಳಿಗೆ ಅಹಿತವಾಗಿತ್ತು. ಅದೇ ವರ್ಷ ಇನ್ನೊಂದು ತಂಡ ಕಂಡುಕೊಂಡದ್ದು ನನ್ನ ಮನಸ್ಸನ್ನು ಬಹಳ ದಿನ ಕಾಡಿತು: ಆಹಾರ ಬಾಯಿಗೆ ಬೀಳುವ ಮೊದಲೇ, ಅದು ಕಣ್ಣಿಗೆ ಬಿದ್ದ ಕ್ಷಣದಲ್ಲೇ, ಈ ಕೋಶಗಳು ತಣ್ಣಗಾಗುತ್ತವೆ. ಎಲೆಯ ಮುಂದೆ ಕುಳಿತು ಅನ್ನ ಬೀಳುವುದನ್ನು ನೋಡಿದಾಗ ಆಗುವ ಸಮಾಧಾನಕ್ಕೆ ಇದು ಒಂದು ವಿವರಣೆಯಾಗಬಹುದೆಂದು ನನಗನ್ನಿಸುತ್ತದೆ. ಅನ್ನದ ಮುಂದೆಯೇ ಎರಡೂವರೆ ಗಂಟೆ ನಿಂತು, ಅದನ್ನು ಇನ್ನೊಬ್ಬರ ತಟ್ಟೆಗೆ ಬಡಿಸುತ್ತ ಹೋಗುವ ಹೆಂಗಸಿನ ಮಿದುಳಿನಲ್ಲಿ ಈ ಕೋಶಗಳು ಏನು ಮಾಡುತ್ತವೆಂದು ಯಾರಾದರೂ ಪರೀಕ್ಷಿಸಿದ್ದರೆ ನಾನು ಅದನ್ನು ಮೊದಲು ಓದುತ್ತಿದ್ದೆ.

ಗ್ರೆಲಿನ್‌ನ ಅಲೆ ಇಳಿದ ಮಾತ್ರಕ್ಕೆ ದೇಹಕ್ಕೆ ಅನ್ನ ಸಿಕ್ಕಂತಾಗಲಿಲ್ಲ. ರಕ್ತದ ಸಕ್ಕರೆ ಕೆಳಗಿಳಿಯದಂತೆ ತಡೆಯಲು ದೇಹ ಗ್ಲುಕಗಾನ್, ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಬಳಸಿಕೊಂಡು ಯಕೃತ್ತಿನ ದಾಸ್ತಾನನ್ನು ತೆರೆಯುತ್ತದೆ. ಅಡ್ರಿನಲಿನ್ ಎಂದರೆ ಜಗಳಕ್ಕೆ ನಿಲ್ಲುವಾಗ, ಹೆದರಿ ಓಡುವಾಗ ಹೊರಡುವ ಅದೇ ಹಾರ್ಮೋನು. ಕೈ ನಡುಗುವುದು, ಎದೆ ಬಡಿದುಕೊಳ್ಳುವುದು, ಸಣ್ಣ ಶಬ್ದಕ್ಕೂ ರೇಗುವುದು ಅದರ ಗುರುತುಗಳು. ದಿನವೂ ಈ ಹಾದಿಯಲ್ಲಿ ಹಾದುಹೋಗುವ ದೇಹಕ್ಕೆ “ಸಿಟ್ಟಿನ ಸ್ವಭಾವ” ಎಂಬ ಹೆಸರು ಅಂಟಿಕೊಳ್ಳುವುದು ಕಷ್ಟವೇನಲ್ಲ. ಎಲ್ಲ ಸಿಟ್ಟಿಗೂ ಹಸಿವೇ ಕಾರಣವೆಂದು ನಾನು ಹೇಳುತ್ತಿಲ್ಲ, ಅಮ್ಮನ ಸಿಟ್ಟಿಗೆ ಬೇರೆ ಕಾರಣಗಳೂ ಬೇಕಾದಷ್ಟಿದ್ದವು. ಆದರೆ ಸ್ವಭಾವವೆಂದು ತೀರ್ಪು ಕೊಡುವ ಮೊದಲು ಅವಳು ಎಷ್ಟು ಹೊತ್ತಿಗೆ ಉಂಡಳೆಂದು ಕೇಳುವ ವ್ಯವಧಾನ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ, ಆ ವ್ಯವಧಾನ ನನಗೂ ಇರಲಿಲ್ಲ.

ಗ್ರೆಲಿನ್ ಗಂಟೆಯ ಲೆಕ್ಕ ನೋಡುವ ದೂತನಾದರೆ ಲೆಪ್ಟಿನ್ ವಾರ ಮತ್ತು ತಿಂಗಳ ಲೆಕ್ಕ ನೋಡುತ್ತದೆ. ಅದು ಹುಟ್ಟುವುದು ಕೊಬ್ಬಿನ ಕೋಶಗಳಲ್ಲಿ; ಕೂಡಿಟ್ಟ ದಾಸ್ತಾನು ಸಾಕಷ್ಟಿದೆ ಎಂಬ ಸುದ್ದಿಯನ್ನು ಅದು ಮಿದುಳಿಗೆ ತಲುಪಿಸುತ್ತದೆ. ಅಮೆರಿಕದ ಮೇಯ್ನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿ 1949ರಲ್ಲಿ ಕಾಣಿಸಿಕೊಂಡ, ಎಷ್ಟು ತಿಂದರೂ ಹಸಿವು ತೀರದ ದಪ್ಪ ಇಲಿಗಳ ತಳಿಯೊಂದು ಈ ಕಥೆಯ ಆರಂಭ. ರಕ್ತದಲ್ಲಿ ಹರಿಯುವ ಯಾವುದೋ ಒಂದು ವಸ್ತು ಅವುಗಳಲ್ಲಿ ಇಲ್ಲವೆಂದು ಡಗ್ಲಸ್ ಕೋಲ್ಮನ್ ಎರಡು ಇಲಿಗಳ ರಕ್ತಪರಿಚಲನೆಯನ್ನು ಕೂಡಿಸಿ ತೋರಿಸಿದರು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಆ ವಸ್ತುವಿನ ಜೀನನ್ನೇ ಹಿಡಿಯಿತು. ಕೊಬ್ಬಿನ ಪ್ರಮಾಣ ಒಂದೇ ಇದ್ದರೂ ಗಂಡಸರಿಗಿಂತ ಹೆಂಗಸರ ರಕ್ತದಲ್ಲಿ ಲೆಪ್ಟಿನ್ ಸಾಕಷ್ಟು ಹೆಚ್ಚಾಗಿರುತ್ತದೆ. ಪಥ್ಯ ಶುರುಮಾಡಿದ ಕೆಲವೇ ದಿನಗಳಲ್ಲಿ, ಕೊಬ್ಬು ಕರಗುವುದಕ್ಕೂ ಮುನ್ನವೇ, ಅದು ಸರ್ರನೆ ಇಳಿದುಬಿಡುತ್ತದೆ.

ಲೆಪ್ಟಿನ್ ಇಳಿದರೆ ಏನಾಗುತ್ತದೆಂಬುದನ್ನು ನಾನು ಪಾಠದಲ್ಲಿ ಹೇಳುತ್ತಿದ್ದೆನೇ ಹೊರತು ಕಣ್ಣಾರೆ ಕಂಡದ್ದು ನಾಲ್ಕು ವರ್ಷಗಳ ಹಿಂದೆ. ಎರಡನೆಯ ವರ್ಷದ ಒಬ್ಬ ಹುಡುಗಿಗೆ ಮದುವೆ ನಿಶ್ಚಯವಾಗಿತ್ತು. ಸೀರೆಯಲ್ಲಿ ತೆಳ್ಳಗೆ ಕಾಣಬೇಕೆಂದು ಯಾರೋ ಹೇಳಿದ ಮಾತಿಗೆ ಅವಳು ರಾತ್ರಿಯೂಟ ಬಿಟ್ಟಳು, ಆಮೇಲೆ ಬೆಳಗಿನ ತಿಂಡಿ ಬಿಟ್ಟಳು, ನಾಲ್ಕು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದಳು. ಮನೆಯಲ್ಲಿ ಎಲ್ಲರೂ ಮೆಚ್ಚಿದರು. ಅವಳು ನನ್ನ ಬಳಿ ಬಂದದ್ದು ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲವೆಂಬ ದೂರಿನೊಡನೆ. ಮಾತಾಡುತ್ತ ಹೋದಂತೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗುವುದು, ಕಾರಣವಿಲ್ಲದೆ ಅಳು ಬರುವುದು, ಮೊಬೈಲಿನಲ್ಲಿ ಗಂಟೆಗಟ್ಟಲೆ ಅಡುಗೆಯ ವಿಡಿಯೋ ನೋಡುವುದು ಒಂದೊಂದಾಗಿ ಹೊರಬಂದವು. ಕೊನೆಯಲ್ಲಿ, ಬಹಳ ಸಂಕೋಚದಿಂದ, ಮೂರು ತಿಂಗಳಿಂದ ಮುಟ್ಟಾಗಿಲ್ಲವೆಂದಳು. ದಾಸ್ತಾನು ಮುಗಿಯುತ್ತಿದೆ, ಮಗುವನ್ನು ಹೊರುವ ಕಾಲ ಇದಲ್ಲ ಎಂದು ಮಿದುಳು ತೀರ್ಮಾನಿಸಿ ಅಂಡಾಶಯಗಳಿಗೆ ಹೋಗುವ ಸಂದೇಶವನ್ನು ನಿಲ್ಲಿಸಿರುತ್ತದೆ. ಈ ತೀರ್ಮಾನದಲ್ಲಿ ಲೆಪ್ಟಿನ್‌ನ ಪಾತ್ರ ಎಷ್ಟು ದೊಡ್ಡದೆಂಬುದನ್ನು 2004ರ ಒಂದು ಅಧ್ಯಯನ ತೋರಿಸಿತು: ಇಂಥದೇ ಕಾರಣದಿಂದ ಮುಟ್ಟು ನಿಂತಿದ್ದ 8 ಮಹಿಳೆಯರಿಗೆ ಪ್ರಯೋಗಾಲಯದಲ್ಲಿ ತಯಾರಿಸಿದ ಲೆಪ್ಟಿನ್ ಕೊಟ್ಟಾಗ ಅವರಲ್ಲಿ 3 ಮಂದಿಗೆ ಅಂಡೋತ್ಪತ್ತಿ ಮರಳಿತು. ಊಟವನ್ನೇ ದೂರವಿಡುವ ಅನೊರೆಕ್ಸಿಯಾ ಎಂಬ ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದ ಕೆಲವೇ ರೋಗಿಗಳಿಗೆ ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ವೈದ್ಯರು ಇದೇ ಔಷಧ ಕೊಟ್ಟು, ತೂಕ ಏರುವ ಮೊದಲೇ ಅವರ ಮನಸ್ಸು ಹಗುರವಾದುದನ್ನು 2020ರಲ್ಲಿ ವರದಿ ಮಾಡಿದರು. ಎಂಟು ಜನ, ಕೆಲವೇ ಜನ ಎಂಬ ಈ ಲೆಕ್ಕ ಚಿಕ್ಕದು, ಅದರ ಮೇಲೆ ದೊಡ್ಡ ತೀರ್ಮಾನ ಕಟ್ಟಬಾರದು. ಆದರೆ ಅಳುವೂ ಮುಟ್ಟೂ ಅನ್ನವೂ ಒಂದೇ ದಾರದ ಗಂಟುಗಳೆಂಬುದನ್ನು ಆ ಹುಡುಗಿಯ ಮುಖ ನೋಡಿದವರಿಗೆ ಬೇರೆ ಹೇಳಬೇಕಾಗಿರಲಿಲ್ಲ. ಅವಳನ್ನು ವೈದ್ಯರ ಬಳಿಗೆ ಕರೆದೊಯ್ದೆವು. ಮನೋವೈದ್ಯರು ಮತ್ತು ಆಹಾರತಜ್ಞೆ ಇಬ್ಬರೂ ಸೇರಿ ನೋಡಿಕೊಂಡರು, ಗುಣವಾಗಲು ಎಂಟು ತಿಂಗಳು ಹಿಡಿಯಿತು.

ಹಸಿವು ಮತ್ತು ಮನಸ್ಸಿನ ನಂಟಿನ ಬಗ್ಗೆ ಓದುತ್ತ ಹೋದಂತೆ ಒಂದು ಸಂಗತಿ ನನ್ನನ್ನು ನೋಯಿಸಿತು. ಎಲ್ಲರೂ ಉಲ್ಲೇಖಿಸುವ ಮಿನ್ನೆಸೋಟಾದ ಉಪವಾಸ ಪ್ರಯೋಗವನ್ನು ಆನ್ಸೆಲ್ ಕೀಸ್ ಅವರು ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ, 1944–45ರಲ್ಲಿ ನಡೆಸಿದರು. ಆರು ತಿಂಗಳು ಅರೆಹೊಟ್ಟೆಯಲ್ಲಿದ್ದವರು ಖಿನ್ನರಾದದ್ದು, ರೇಗಾಡಿದ್ದು, ಹಗಲೂ ರಾತ್ರಿ ಅಡುಗೆಯ ವಿಚಾರವನ್ನೇ ಧ್ಯಾನಿಸಿದ್ದು ಅದರಲ್ಲಿ ವಿವರವಾಗಿ ದಾಖಲಾಗಿದೆ. ಭಾಗವಹಿಸಿದ 36 ಮಂದಿಯೂ ಯುವಕರು. ನಿದ್ದೆಗೆಟ್ಟರೆ ಹಸಿವು ಹೆಚ್ಚುತ್ತದೆಂದು ಇಂದು ಪತ್ರಿಕೆಗಳಲ್ಲಿ ಓದುವ ಮಾತಿನ ಹಿಂದಿರುವುದು ಷಿಕಾಗೋ ವಿಶ್ವವಿದ್ಯಾಲಯದ 2004ರ ಅಧ್ಯಯನ. ಎರಡು ರಾತ್ರಿ ನಾಲ್ಕು ನಾಲ್ಕು ಗಂಟೆ ಮಾತ್ರ ಮಲಗಿದವರಲ್ಲಿ ಲೆಪ್ಟಿನ್ ಶೇ 18ರಷ್ಟು ಇಳಿದು ಗ್ರೆಲಿನ್ ಶೇ 28ರಷ್ಟು ಏರಿತ್ತು. ಅಲ್ಲಿದ್ದ 12 ಮಂದಿಯೂ ಯುವಕರೇ. ಒತ್ತಡಕ್ಕೆ ಸಿಕ್ಕ ಇಲಿಗಳಲ್ಲಿ ಗ್ರೆಲಿನ್ ಏರಿ ಅವುಗಳನ್ನು ಖಿನ್ನತೆಯಂಥ ಲಕ್ಷಣಗಳಿಂದ ಕಾಪಾಡುತ್ತದೆಂದು 2008ರಲ್ಲಿ ತೋರಿಸಿದ ಪ್ರಯೋಗ ನಡೆದದ್ದು ಗಂಡಿಲಿಗಳ ಮೇಲೆ, ಏಕೆಂದರೆ ಬಲಿಷ್ಠ ಗಂಡಿಲಿಯೊಂದು ಇನ್ನೊಂದು ಗಂಡಿಲಿಯನ್ನು ದಿನವೂ ಸೋಲಿಸುವುದೇ ಅಲ್ಲಿ ಒತ್ತಡ ಕೊಡುವ ವಿಧಾನ. ಋತುಚಕ್ರದ ಏರಿಳಿತ ಲೆಕ್ಕವನ್ನು ಕೆಡಿಸುತ್ತದೆಂಬ ಕಾರಣಕ್ಕೆ ಹೆಣ್ಣುಪ್ರಾಣಿಗಳನ್ನು ಹೊರಗಿಡುವುದು ದೀರ್ಘಕಾಲ ರೂಢಿಯಾಗಿತ್ತು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿಯೂ ಹೆಣ್ಣು ಗಂಡು ಎರಡನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ನಿಯಮ ತಂದದ್ದು 2016ರಲ್ಲಿ. ಯಾವ ಏರಿಳಿತವನ್ನು ಅಡ್ಡಿಯೆಂದು ಬದಿಗಿಟ್ಟರೋ ಅದೇ ನಮ್ಮ ಬದುಕು.

ಹೆಂಗಸರನ್ನು ಸೇರಿಸಿಕೊಂಡು ನೋಡಿದಾಗ ಚಿತ್ರ ಬದಲಾಗಿದೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಿದ್ದೆ ಕಡಿಮೆಯಾದಾಗ ಗಂಡಸರಲ್ಲಿ ಗ್ರೆಲಿನ್ ಏರಿತು, ಹೆಂಗಸರಲ್ಲಿ ಏರಲಿಲ್ಲ. ಅದರ ಬದಲು ಹೆಂಗಸರಲ್ಲಿ ಮಧ್ಯಾಹ್ನದ ಹೊತ್ತಿಗೆ ಜಿಎಲ್‌ಪಿ-1 ಎಂಬ, ಸಾಕು ಎನ್ನಿಸುವ ಹಾರ್ಮೋನು ಇಳಿಯಿತು. ಸರಳವಾಗಿ ಹೇಳುವುದಾದರೆ ನಿದ್ದೆಗೆಟ್ಟ ಗಂಡಸಿಗೆ ಬೇಕು ಎನ್ನುವ ದನಿ ಜೋರಾಯಿತು, ನಿದ್ದೆಗೆಟ್ಟ ಹೆಂಗಸಿಗೆ ಸಾಕು ಎನ್ನುವ ದನಿ ಕುಗ್ಗಿತು. ಎರಡರ ಫಲ ಹೊರಗಿನಿಂದ ಒಂದೇ ರೀತಿ ಕಾಣಬಹುದು, ಆದರೆ ಪರಿಹಾರ ಹುಡುಕುವವರಿಗೆ ಎರಡೂ ಒಂದೇ ಅಲ್ಲ.

ಈಗ ನನ್ನದೇ ವಿಚಾರ. ನನಗೆ 44 ವರ್ಷ. ಕಳೆದ ವರ್ಷ ತಿಂಗಳ ಕೆಲವು ದಿನಗಳಲ್ಲಿ ನಾನು ನಾನಾಗಿ ಇರುತ್ತಿಲ್ಲವೆಂದು ನನಗೇ ಅನ್ನಿಸತೊಡಗಿತು. ಬೆಳಿಗ್ಗೆ ಏಳಲು ಮನಸ್ಸಿಲ್ಲ, ಮಗಳ ಮಾತಿಗೆ ಕಣ್ಣು ತುಂಬಿಬರುತ್ತದೆ, ಸಂಜೆ ನಾಲ್ಕೂವರೆಗೆ ಸಿಹಿ ಬೇಕೇಬೇಕೆನಿಸುತ್ತದೆ, ತಿಂದ ಮೇಲೆ ತಪ್ಪಿತಸ್ಥಳಂತೆ ಅನ್ನಿಸುತ್ತದೆ. ಜೂನ್ ತಿಂಗಳಿಂದ ಒಂದು ನೋಟ್‌ಬುಕ್ಕಿನಲ್ಲಿ ಊಟದ ಹೊತ್ತು, ನಿದ್ದೆಯ ಗಂಟೆ, ಮುಟ್ಟಿನ ದಿನ, ಮನಸ್ಸಿನ ಸ್ಥಿತಿ ಎಂದು ನಾಲ್ಕು ಕಲಂ ಹಾಕಿ ಬರೆಯತೊಡಗಿದೆ. ಏಳು ತಿಂಗಳ ಬರಹವನ್ನು ಒಟ್ಟಿಗೆ ಓದಿದಾಗ ಕಂಡದ್ದು ಇಷ್ಟು: ಭಾರವಾದ ದಿನಗಳು ಬಹುತೇಕ ಮುಟ್ಟಿಗೆ ಮುಂಚಿನ ಆರೇಳು ದಿನಗಳಲ್ಲಿ ಗುಂಪುಗೂಡಿದ್ದವು, ಆ ಆರೇಳು ದಿನಗಳೊಳಗೂ ಪ್ರಾಯೋಗಿಕ ತರಗತಿಯ ಕಾರಣದಿಂದ ಮಧ್ಯಾಹ್ನದ ಊಟ ಎರಡೂವರೆ ದಾಟಿದ ದಿನಗಳೇ ಅತ್ಯಂತ ಕೆಟ್ಟವಾಗಿದ್ದವು. ತಿಂಗಳ ಮೊದಲ ಭಾಗದಲ್ಲಿ ಊಟ ಅಷ್ಟೇ ತಡವಾದರೂ ನನಗೆ ಹೀಗಾಗುತ್ತಿರಲಿಲ್ಲ. ಇದು ಒಂದು ದೇಹದ ಲೆಕ್ಕ ಮಾತ್ರ, ಇದನ್ನು ಸಾಕ್ಷ್ಯವೆಂದು ನಾನು ಮಂಡಿಸುತ್ತಿಲ್ಲ.

ಆದರೂ ಈ ಲೆಕ್ಕಕ್ಕೆ ಹೊಂದುವ ವಿಷಯ ಪಠ್ಯದಲ್ಲಿಯೇ ಇದೆ. ಅಂಡೋತ್ಪತ್ತಿಯ ಮುಂಚಿನ ದಿನಗಳಲ್ಲಿ ಈಸ್ಟ್ರೋಜೆನ್ ಏರುತ್ತದೆ, ಅದು ಹಸಿವನ್ನು ತಗ್ಗಿಸುವ ಹಾರ್ಮೋನು. ಹೆಣ್ಣಿಲಿಗಳಲ್ಲಿ ಅದು ಗ್ರೆಲಿನ್‌ನ ಕರೆಯನ್ನು ಕುಗ್ಗಿಸುತ್ತದೆ ಮತ್ತು ಕರುಳಿನಿಂದ ಬರುವ ಕೊಲೆಸಿಸ್ಟೋಕೈನಿನ್ ಎಂಬ ಹೊಟ್ಟೆತುಂಬಿದ ಸಂದೇಶವನ್ನು ಬಲಪಡಿಸುತ್ತದೆ. ತಿಂಗಳ ಎರಡನೆಯ ಭಾಗದಲ್ಲಿ ಪ್ರೊಜೆಸ್ಟೆರಾನ್ ಮೇಲುಗೈ ಪಡೆಯುತ್ತದೆ, ದೇಹದ ಬಿಸಿ ಸ್ವಲ್ಪ ಏರುತ್ತದೆ, ಆಹಾರದ ಬೇಡಿಕೆಯೂ ಏರುತ್ತದೆ. ಮುಟ್ಟು ಹತ್ತಿರವಾದಂತೆ ಎರಡು ಹಾರ್ಮೋನುಗಳೂ ಒಟ್ಟಿಗೆ ಕುಸಿಯುತ್ತವೆ. ಪ್ರೊಜೆಸ್ಟೆರಾನ್‌ನಿಂದ ಹುಟ್ಟುವ ಅಲೊಪ್ರೆಗ್ನನೊಲೋನ್ ಎಂಬ ವಸ್ತು ಮಿದುಳನ್ನು ಶಾಂತಗೊಳಿಸುವ ಗ್ರಾಹಕಗಳ ಮೇಲೆ ಕೆಲಸ ಮಾಡುವುದರಿಂದ ಅದರ ಏರಿಳಿತ ಕೆಲವು ಹೆಂಗಸರ ಮನಸ್ಸನ್ನು ತೀವ್ರವಾಗಿ ಕದಡುತ್ತದೆ. ಮುಟ್ಟಿಗೆ ಮುಂಚಿನ ಈ ತೀವ್ರ ಯಾತನೆಯನ್ನು ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯೆಂದು ಸೇರಿಸಿತು. ಅದರ ಲಕ್ಷಣಗಳ ಪಟ್ಟಿಯಲ್ಲಿ ಸಿಟ್ಟು, ಬೇಸರ, ಆತಂಕಗಳ ಜೊತೆಗೆ ಹಸಿವಿನ ಬದಲಾವಣೆ ಮತ್ತು ನಿರ್ದಿಷ್ಟ ತಿನಿಸಿನ ಬಯಕೆಯೂ ಇದೆ. ನಾನು ನೋಟ್‌ಬುಕ್ಕನ್ನು ಹಿಡಿದುಕೊಂಡೇ ವೈದ್ಯರ ಬಳಿಗೆ ಹೋದೆ. ಮೊದಲು ಕಂಡವರು ಪುಟ ತೆರೆಯದೆಯೇ ತೂಕ ಇಳಿಸಿಕೊಳ್ಳಲು ಹೇಳಿ ಕಳಿಸಿದರು. ಎರಡನೆಯ ವೈದ್ಯೆ ಕುಳಿತು ಏಳು ತಿಂಗಳನ್ನೂ ಓದಿದರು, ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆ ಮಾಡಿಸಿದರು, ಕಬ್ಬಿಣಾಂಶ ಬಹಳ ಕಡಿಮೆಯಿರುವುದನ್ನು ಕಂಡುಹಿಡಿದು ಔಷಧ ಕೊಟ್ಟರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಲೆಕ್ಕದಂತೆ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಹಸಿವು ಮಂದವಾಗುವುದು, ಆಯಾಸ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ರಕ್ತಹೀನತೆಯಲ್ಲಿಯೂ ಕಾಣುತ್ತವೆ, ಖಿನ್ನತೆಯಲ್ಲಿಯೂ ಕಾಣುತ್ತವೆ. ಹಾಗಾಗಿ ರಕ್ತ ಪರೀಕ್ಷೆಯಿಲ್ಲದೆ ಒಂದನ್ನು ಇನ್ನೊಂದೆಂದು ಭಾವಿಸುವ ಅಪಾಯ ನಮ್ಮಲ್ಲಿ ದೊಡ್ಡದು.

ಬಾಣಂತನದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟೆರಾನ್ ಎರಡೂ ಪ್ರಪಾತಕ್ಕೆ ಬಿದ್ದಂತೆ ಇಳಿಯುತ್ತವೆ, ಮಗು ಹಾಲು ಕುಡಿದಾಗಲೆಲ್ಲ ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಏರುತ್ತದೆ, ಅದು ಹಸಿವನ್ನೂ ಏರಿಸುತ್ತದೆ. ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲರಿಯಷ್ಟು ಹೆಚ್ಚಿನ ಆಹಾರ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ನನ್ನ ಎರಡನೆಯ ಹೆರಿಗೆಯ ನಂತರ ಪಥ್ಯದ ಹೆಸರಿನಲ್ಲಿ ನನಗೆ ಸಿಗುತ್ತಿದ್ದುದು ಒಗರು ಸಾರು, ಅನ್ನ, ತುಪ್ಪ. ತರಕಾರಿ ಮತ್ತು ನೀರಿಗೂ ಲೆಕ್ಕವಿತ್ತು. ರಾತ್ರಿ ಮೂರಕ್ಕೆ ಮಗುವಿಗೆ ಹಾಲೂಡಿಸಿ ಮುಗಿಸಿದಾಗ ಹೊಟ್ಟೆಯಲ್ಲಿ ಬೆಂಕಿಯಿಟ್ಟಂಥ ಹಸಿವಾಗುತ್ತಿತ್ತು, ಅಡುಗೆಮನೆಗೆ ಹೋಗಲು ನಾಚಿಕೆಯಾಗುತ್ತಿತ್ತು, ಅಳುತ್ತ ಮಲಗುತ್ತಿದ್ದೆ. ಪಥ್ಯ ಮಾಡಿಸಿದವರ ಪ್ರೀತಿಯಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ, ಆದರೆ ಆ ಅಳುವಿನಲ್ಲಿ ಎಷ್ಟು ಪಾಲು ಹಸಿವಿನದೆಂದು ನಾನು ಇಂದಿಗೂ ಯೋಚಿಸುತ್ತೇನೆ. ಹೆರಿಗೆಯ ನಂತರದ ಖಿನ್ನತೆಗೆಂದೇ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧ ಮೇಲೆ ಹೇಳಿದ ಅಲೊಪ್ರೆಗ್ನನೊಲೋನೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗು ಒಟ್ಟಿಗೆ ದಾಖಲಾಗಿ ಚಿಕಿತ್ಸೆ ಪಡೆಯಬಹುದಾದ ವಾರ್ಡ್ ಇದೆಯೆಂಬುದನ್ನು ನಮ್ಮ ಜಿಲ್ಲೆಗಳ ಎಷ್ಟೋ ಮನೆಗಳು ಇನ್ನೂ ತಿಳಿದಿಲ್ಲ.

ಖಿನ್ನತೆಯಲ್ಲಿ ಹಸಿವು ಎರಡು ದಿಕ್ಕಿಗೂ ಹೋಗಬಹುದು. ಕೆಲವರಿಗೆ ಅನ್ನ ಕಂಡರೆ ಆಗುವುದಿಲ್ಲ, ತೂಕ ಇಳಿಯುತ್ತದೆ, ಬೆಳಗಿನ ಜಾವ ಎಚ್ಚರವಾಗುತ್ತದೆ. ಇಂಥವರನ್ನು ಮನೆಯವರು ಬೇಗ ಗುರುತಿಸುತ್ತಾರೆ. ಇನ್ನು ಕೆಲವರು ಹೆಚ್ಚು ತಿನ್ನುತ್ತಾರೆ, ಹೆಚ್ಚು ಮಲಗುತ್ತಾರೆ, ಕೈಕಾಲು ಸೀಸದಂತೆ ಭಾರವೆನ್ನುತ್ತಾರೆ. ಈ ಬಗೆ ಹೆಂಗಸರಲ್ಲಿ ಹೆಚ್ಚು. ತಿಂದು ಮಲಗುವವಳಿಗೆ ಏನು ದುಃಖವೆಂದು ಕೇಳುವ ಮನೆಗಳಲ್ಲಿ ಇವರ ಕಾಯಿಲೆ ವರ್ಷಗಟ್ಟಲೆ ಸೋಮಾರಿತನದ ಹೆಸರಿನಲ್ಲಿ ಬಚ್ಚಿಟ್ಟುಕೊಂಡಿರುತ್ತದೆ. ದೇಹದಲ್ಲಿ ಲೆಪ್ಟಿನ್ ಬೇಕಾದಷ್ಟಿದ್ದರೂ ಮಿದುಳು ಅದರ ಮಾತನ್ನು ಕೇಳಿಸಿಕೊಳ್ಳದ ಸ್ಥಿತಿ ಇಂಥವರಲ್ಲಿ ಇರಬಹುದೆಂಬ ವಾದವಿದೆ. ಖಿನ್ನತೆಯ ಮತ್ತು ಇತರ ಮಾನಸಿಕ ಕಾಯಿಲೆಗಳ ಕೆಲವು ಮಾತ್ರೆಗಳು, ಮುಖ್ಯವಾಗಿ ಮಿರ್ಟಾಜಪಿನ್ ಮತ್ತು ಓಲಾಂಜಪಿನ್, ಹಸಿವನ್ನು ಬಹಳ ಹೆಚ್ಚಿಸುತ್ತವೆ. ತೂಕ ಏರಿತೆಂದು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿ ಮತ್ತೆ ಕುಸಿದ ಇಬ್ಬರನ್ನು ನಾನು ಹತ್ತಿರದಿಂದ ಬಲ್ಲೆ. ಇಬ್ಬರಿಗೂ ಔಷಧ ಬದಲಿಸಲು ಸಾಧ್ಯವಿತ್ತು, ಕೇಳಿದ್ದರೆ ವೈದ್ಯರು ಬದಲಿಸುತ್ತಿದ್ದರು.

2025ರಲ್ಲಿ ನಮ್ಮ ಮಾರುಕಟ್ಟೆಗೂ ಬಂದ ತೂಕ ಇಳಿಸುವ ಚುಚ್ಚುಮದ್ದುಗಳ ಬಗ್ಗೆ ಸಹೋದ್ಯೋಗಿಗಳು ಕೇಳುತ್ತಿರುತ್ತಾರೆ. ಅವು ಜಿಎಲ್‌ಪಿ-1 ಹಾರ್ಮೋನಿನ ದನಿಯನ್ನು ಅನುಕರಿಸುತ್ತವೆ. ಅವುಗಳಿಂದ ಆತ್ಮಹತ್ಯೆಯ ಯೋಚನೆ ಬರುತ್ತದೆಯೇ ಎಂಬ ಆತಂಕವನ್ನು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಪರಿಶೀಲಿಸಿ, ಲಭ್ಯ ದಾಖಲೆಗಳಲ್ಲಿ ಅಂಥ ಕಾರಣಸಂಬಂಧ ಕಾಣುತ್ತಿಲ್ಲವೆಂದು 2024ರ ಏಪ್ರಿಲ್‌ನಲ್ಲಿ ಹೇಳಿದೆ. ಮಧುಮೇಹ ಮತ್ತು ಬೊಜ್ಜಿನಿಂದ ನಿಜವಾಗಿ ನರಳುವವರಿಗೆ ಅವು ಉಪಕಾರಿ. ನಿಶ್ಚಿತಾರ್ಥದ ಸೀರೆಗಾಗಿ ಅವನ್ನು ಬಯಸುವವರಿಗೆ ನನ್ನ ವಿದ್ಯಾರ್ಥಿನಿಯ ಕಥೆ ಹೇಳುತ್ತೇನೆ.

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯಲ್ಲಿ ಊಟವನ್ನೂ ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿದವರಿಗೆ ಇವೆರಡರ ನಂಟು ಗೊತ್ತಿತ್ತೆಂದು ನಂಬುತ್ತೇನೆ. ಎದುರು ಸಿಕ್ಕವರಿಗೆಲ್ಲ “ಊಟ ಆಯ್ತಾ?” ಎಂದು ಕೇಳುವ ನಾಡು ನಮ್ಮದು. ಅದೇ ಪ್ರಶ್ನೆಯನ್ನು ಮನೆಯ ಹೆಂಗಸಿಗೆ ಕೇಳಿ, ಉತ್ತರ ಬರುವ ತನಕ ನಿಂತು, ಎಷ್ಟು ಹೊತ್ತಿಗೆ ಆಯ್ತು, ಏನು ಉಂಡೆ, ನಿನ್ನೆ ರಾತ್ರಿ ನಿದ್ದೆ ಬಂತಾ ಎಂದು ಇನ್ನೂ ಮೂರು ಮಾತು ಸೇರಿಸಿದರೆ ಎಷ್ಟೋ ಖಿನ್ನತೆಗಳು ಎರಡು ವರ್ಷ ಮೊದಲೇ ಕಣ್ಣಿಗೆ ಬಿದ್ದಾವು. ಎರಡು ವಾರ ಮೀರಿ ಹಸಿವು ಕೆಟ್ಟಿದ್ದು, ಜೊತೆಗೆ ಮನಸ್ಸೂ ಕುಗ್ಗಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಅದಕ್ಕೆ ಸಂಕೋಚವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಅದು ಉಚಿತ ಮತ್ತು ದಿನದ 24 ಗಂಟೆಯೂ ಇರುತ್ತದೆ.

ನಾನು ಮಾಡಿಕೊಂಡ ಬದಲಾವಣೆ ಸಣ್ಣದು. ಕಾಲೇಜಿನಲ್ಲಿ ಪ್ರಾಯೋಗಿಕ ತರಗತಿಯ ವೇಳಾಪಟ್ಟಿಯನ್ನು ಅರ್ಧ ಗಂಟೆಯಷ್ಟು ಬದಲಿಸಲು ಕೇಳಿಕೊಂಡೆ, ಮೂರು ಸಲ ಬರೆದುಕೊಟ್ಟ ಮೇಲೆ ಒಪ್ಪಿದರು. ಈಗ ನಾನೂ ನನ್ನ ಜೊತೆಯ ಇಬ್ಬರು ಅಧ್ಯಾಪಕಿಯರೂ ಒಂದು ಗಂಟೆಗೆ ಡಬ್ಬಿ ತೆರೆಯುತ್ತೇವೆ. ಮುಟ್ಟಿಗೆ ಮುಂಚಿನ ವಾರದಲ್ಲಿ ನಾಲ್ಕು ಗಂಟೆಗೆ ನೆನೆಸಿದ ಕಡಲೆ ಅಥವಾ ಒಂದು ಹಿಡಿ ಶೇಂಗಾ ಮತ್ತು ಬೆಲ್ಲವನ್ನು ತಪ್ಪದೆ, ತಪ್ಪಿತಸ್ಥ ಭಾವವಿಲ್ಲದೆ, ತಿನ್ನುತ್ತೇನೆ. ಭಾರವಾದ ದಿನಗಳು ಪೂರ್ತಿ ಹೋಗಿಲ್ಲ. ಅವು ಬರುವ ದಿನ ಗೊತ್ತಿರುವುದರಿಂದ ಮಗಳಿಗೆ ಮುಂಚಿತವಾಗಿಯೇ ಹೇಳಿಡುತ್ತೇನೆ, ಅವಳೂ ತನ್ನ ನೋಟ್‌ಬುಕ್ ಶುರುಮಾಡಿದ್ದಾಳೆ.

ಅಮ್ಮನಿಗೆ ಈಗ 71. ಎರಡು ವರ್ಷಗಳಿಂದ ನಮ್ಮ ಜೊತೆಯಲ್ಲಿದ್ದಾಳೆ. ಬಂದ ಹೊಸದರಲ್ಲಿ ನಾವು ಎಷ್ಟು ಕರೆದರೂ “ನೀವೆಲ್ಲ ಉಣ್ಣಿ, ನನ್ನದು ಆಮೇಲೆ” ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು, ಕೂರಿಸಿದರೆ ಅರ್ಧದಲ್ಲಿ ಎದ್ದು ಯಾರಿಗಾದರೂ ಬಡಿಸಲು ಹೋಗುತ್ತಿದ್ದಳು. ಹಸಿವು ಸತ್ತ ಮಾತನ್ನು ನೂರಾರು ಸಲ ಆಡಿದ ಅವಳು ಹಸಿವಾಗಿದೆಯೆಂದು ಹೇಳಿದ್ದನ್ನು ನಾನು ಬಾಲ್ಯದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಕಳೆದ ತಿಂಗಳ ಒಂದು ಭಾನುವಾರ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಜಗಲಿಯಿಂದ ಎದ್ದುಬಂದು “ಹಸಿವಾಗ್ತಿದೆ ಕಣೇ, ನನಗೆ ಮೊದಲು ಬಡಿಸ್ತೀಯಾ?” ಎಂದಳು. ಆಗ ಗಂಟೆ ಹನ್ನೆರಡೂ ಐವತ್ತು. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.